ಬ್ಯಾಂಕಿನಲ್ಲಿಲ್ಲದ 5,040 ಕೋಟಿ

2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ರಾಮಲಿಂಗರಾಜು ನಿರ್ದೇಶಕ ಮಂಡಳಿಗೆ ಪತ್ರ ಬರೆದರು. ಲೆಕ್ಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಅದರಲ್ಲಿತ್ತು. ಷೇರಿನ ಬೆಲೆ ಅಂದೇ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿಯಿತು.

ಇಲ್ಲದ ಹಣ ಪುಸ್ತಕಕ್ಕೆ ಬಂದದ್ದು ಹೇಗೆ? ಮಾಡದ ಕೆಲಸಕ್ಕೆ ನಕಲಿ ಬಿಲ್ ಹಾಕಿದರೆ ಆದಾಯ ಏರುತ್ತದೆ, ಜೊತೆಗೆ ಗ್ರಾಹಕರಿಂದ ಬರಬೇಕಾದ ಬಾಕಿಯೂ ಏರುತ್ತದೆ. ಬಾಕಿ ಹಾಗೇ ನಿಂತರೆ ಯಾರಾದರೂ ಕೇಳುತ್ತಾರೆ; ಹಾಗಾಗಿ ವಸೂಲಾಯಿತು ಎಂದು ಬರೆಯಬೇಕು. ವಸೂಲಾದ ಹಣ ಎಲ್ಲಾದರೂ ಇರಬೇಕಲ್ಲ? ಅದಕ್ಕೆ ನಕಲಿ ಠೇವಣಿ ರಸೀದಿ. ಠೇವಣಿ ಇದ್ದ ಮೇಲೆ ಬಡ್ಡಿಯೂ ಬೇಕು: ಹೀಗೆ ಬರೆದುಕೊಂಡ ಸುಳ್ಳು ಬಡ್ಡಿಯೇ 376 ಕೋಟಿ. 2008ರ ಜುಲೈ–ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ವಹಿವಾಟಿನಿಂದ ಬಂದ ನಿಜವಾದ ಲಾಭ 61 ಕೋಟಿ, ತೋರಿಸಿದ್ದು 649 ಕೋಟಿ.

ಇದನ್ನು ಹಿಡಿಯಲು ಹೊಸ ಕಾನೂನೇನೂ ಬೇಕಿರಲಿಲ್ಲ. ಶಿಲ್ಕು ಎಷ್ಟಿದೆ ಎಂದು ಆಡಿಟರ್ ನೇರವಾಗಿ ಬ್ಯಾಂಕಿಗೆ ಬರೆದು, ಉತ್ತರವನ್ನೂ ನೇರವಾಗಿ ತರಿಸಿಕೊಳ್ಳಬೇಕೆಂಬುದು ಹಳೆಯ ಪದ್ಧತಿ. ಸತ್ಯಂನಲ್ಲಿ ಆ ಪತ್ರ ವ್ಯವಹಾರವನ್ನು ಕಂಪನಿಯವರ ಕೈಗೇ ಬಿಟ್ಟಿದ್ದರು ಎಂದು ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ 2011ರಲ್ಲಿ ಹೇಳಿತು. ಸತ್ಯಂ ನ್ಯೂಯಾರ್ಕ್ ಷೇರುಪೇಟೆಯಲ್ಲೂ ಇತ್ತು. ಎನ್ರಾನ್, ವರ್ಲ್ಡ್‌ಕಾಮ್ ಕಂಪನಿಗಳ ಲೆಕ್ಕ ಹಗರಣಗಳಾದ ಮೇಲೆ 2002ರಲ್ಲಿ ಅಮೆರಿಕ ತಂದ ಸಾರ್ಬೇನ್ಸ್–ಆಕ್ಸ್ಲಿ ಕಾಯ್ದೆ ಅದಕ್ಕೂ ಅನ್ವಯಿಸುತ್ತಿತ್ತು. ಲೆಕ್ಕ ಸರಿಯಿದೆ ಎಂದು ಮುಖ್ಯಸ್ಥರೇ ಸಹಿ ಹಾಕಬೇಕೆಂಬುದು ಆ ಕಾಯ್ದೆಯ ಷರತ್ತು. ಸಹಿ ಬೀಳುತ್ತಲೇ ಇತ್ತು.

ಭಾರತದಲ್ಲಿ 2013ರ ಕಂಪನಿ ಕಾಯ್ದೆ ಬಿಗಿ ಮಾಡಿದ್ದು ಇಂಥ ಕಡೆಗಳಲ್ಲೇ. ಷೇರುಪೇಟೆಯಲ್ಲಿರುವ ಕಂಪನಿಗೆ ಒಂದೇ ಆಡಿಟ್ ಸಂಸ್ಥೆ ಸತತ 10 ವರ್ಷ ಮೀರಿ ಇರುವಂತಿಲ್ಲ. ವಂಚನೆಯ ಸುಳಿವು ಸಿಕ್ಕಿ, ಮೊತ್ತ 1 ಕೋಟಿ ಅಥವಾ ಹೆಚ್ಚಿದ್ದರೆ ಆಡಿಟರ್ ಕೇಂದ್ರ ಸರ್ಕಾರಕ್ಕೆ ವರದಿ ಮಾಡಲೇಬೇಕು. ದೊಡ್ಡ ವಂಚನೆ ಸಾಬೀತಾದರೆ 10 ವರ್ಷದವರೆಗೆ ಜೈಲು.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ 2018ರ ಅಕ್ಟೋಬರ್‌ನಲ್ಲಿ ಬಂದ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ. ಅದಕ್ಕೂ ಮೊದಲು ಆಡಿಟರ್‌ಗಳ ತಪ್ಪನ್ನು ಅವರದೇ ವೃತ್ತಿ ಸಂಸ್ಥೆ ವಿಚಾರಿಸುತ್ತಿತ್ತು. ಈಗ ದೊಡ್ಡ ಕಂಪನಿಗಳ ಮಟ್ಟಿಗೆ ಹೊರಗಿನವರು ಕಡತ ತರಿಸಿ ನೋಡುತ್ತಾರೆ; ಶುಲ್ಕದ 10 ಪಟ್ಟಿನವರೆಗೆ ದಂಡ ಹಾಕಬಹುದು, 10 ವರ್ಷದವರೆಗೆ ಆಡಿಟ್ ಕೆಲಸದಿಂದಲೇ ದೂರವಿಡಬಹುದು. ನಿಯಮ ಮೊದಲೂ ಇತ್ತು, ಪಾಲಿಸದವರನ್ನು ಹೀಗೆ ಹಿಡಿದು ಕೇಳುವವರಿರಲಿಲ್ಲ.

ಷೇರು ಇಟ್ಟುಕೊಂಡವರು ಮಾಡಬಹುದಾದದ್ದೂ ಇದೆ. ವಾರ್ಷಿಕ ವರದಿಯಲ್ಲಿ ಆಡಿಟರ್ ವರದಿಯ ಅನುಬಂಧ ತೆರೆಯಿರಿ. ಆಡಿಟರ್ ವರದಿಯಲ್ಲಿ ಏನಿರಬೇಕೆಂಬ 2020ರ ಸರ್ಕಾರಿ ಆದೇಶದಂತೆ, ವರ್ಷದಲ್ಲಿ ವಂಚನೆ ಕಂಡುಬಂದಿತೇ, ಸರ್ಕಾರಕ್ಕೆ ವರದಿ ಹೋಗಿದೆಯೇ ಎಂಬುದನ್ನು 11ನೇ ಅಂಶದಲ್ಲಿ ಹೇಳಿರಬೇಕು. ಆಡಿಟರ್ ನಡುವೆ ರಾಜೀನಾಮೆ ಕೊಟ್ಟಿದ್ದರೆ ಅದು 18ನೇ ಅಂಶದಲ್ಲಿರುತ್ತದೆ.