ಅಂಬಾಸಡರ್ ಕಾರಿನ ತುಕ್ಕು ಮತ್ತು ದುರಸ್ತಿಯ ಅಂದಾಜುಪಟ್ಟಿ

ಪಾಂಡವಪುರ, ಕೆ.ಆರ್.ಪೇಟೆಗಳ ಬೆಲ್ಲದ ಮಂಡಿಯ ಮುಂದೆ ಅಂಬಾಸಡರ್ ಕಾರು ನಿಂತಿದೆಯೆಂದರೆ ಮಾಲೀಕರ ವಹಿವಾಟು ಚೆನ್ನಾಗಿದೆಯೆಂದು ಜನ ತಿಳಿಯುತ್ತಿದ್ದ ಕಾಲವೊಂದಿತ್ತು. ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಇದರ ಉತ್ಪಾದನೆ 2014ರಲ್ಲಿ ನಿಂತಿತು. ಉಳಿದಿರುವ ಕಾರುಗಳಿಗೆ ಇಂದು ಎಂಜಿನ್ನಿಗಿಂತ ದೊಡ್ಡ ಶತ್ರು ತಳಭಾಗದ ತುಕ್ಕು.

ಈ ಕಾರಿಗೆ ಲಾರಿಯಂತೆ ಪ್ರತ್ಯೇಕ ಚಾಸಿಸ್ ಇಲ್ಲ. ಹಿಂದಿನ ಪಟ್ಟಿ ಸ್ಪ್ರಿಂಗುಗಳು ಬಾಡಿಗೇ ಬೆಸೆದ ಹಿಡಿಕೆಗಳನ್ನು ಆಧರಿಸಿವೆ. ನಾಲೆ ಬಯಲಿನ ಕೆಸರು ಅಲ್ಲಿ ಕಚ್ಚಿಕೊಂಡು ತೇವ ಹಿಡಿದಿಟ್ಟರೆ ತಗಡು ಒಳಗಿನಿಂದಲೇ ಸವೆಯುತ್ತದೆ. ಹಿಡಿಕೆ ಸಡಿಲಗೊಂಡರೆ ಆಕ್ಸಲ್ ಓರೆಯಾಗುತ್ತದೆ, ಟೈರು ಏಕಪಕ್ಷೀಯವಾಗಿ ಸವೆಯುತ್ತದೆ, ಬ್ರೇಕ್ ಹಾಕಿದಾಗ ಕಾರು ಒಂದು ಕಡೆಗೆ ಎಳೆಯುತ್ತದೆ.

ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಕಬ್ಬಿನ ಟ್ರೈಲರ್ ಬೆಸೆಯುವ ಕುಶಲಿಗಳಿಗೆ ಕೊರತೆಯಿಲ್ಲ. ಆದರೆ ದಪ್ಪ ಪಟ್ಟಿಗೆ ಒಗ್ಗಿದ ಆರ್ಕ್ ವೆಲ್ಡಿಂಗ್ ತೆಳು ತಗಡನ್ನು ಸುಟ್ಟುಬಿಡುತ್ತದೆ. ಇಲ್ಲಿ ಬೇಕಾದುದು ಮಿಗ್ ವೆಲ್ಡಿಂಗ್. ಅದನ್ನೂ ಬಿಟ್ಟು ಬಿಟ್ಟು ಹಾಕಬೇಕು. ಬಾಡಿಗೆ ಗಟ್ಟಿ ಆಧಾರ ಕೊಟ್ಟು, ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕನ್ನು ದೂರವಿರಿಸಿ, ಎರಡೂ ಬದಿಯ ಅಳತೆ ಬರೆದುಕೊಂಡ ನಂತರವೇ ಕತ್ತರಿಸಬೇಕು. ಹೊಳೆಯುವ ಲೋಹ ಕಾಣುವವರೆಗೆ ತುಕ್ಕನ್ನು ತೆಗೆಯಬೇಕು. ತುಕ್ಕಿನ ಮೇಲೆ ತಗಡು ಹೊದಿಸಿ ಟಾರು ಬಳಿಯುವುದು ದುರಸ್ತಿಯಲ್ಲ, ಸಾಲವನ್ನು ಮುಂದಿನ ವರ್ಷಕ್ಕೆ ತಳ್ಳುವ ಲೆಕ್ಕ.

ವರ್ಕ್‌ಶಾಪ್ ನಡೆಸುವವರು ನಷ್ಟ ಅನುಭವಿಸುವುದೂ ಇಲ್ಲಿಯೇ. ಹೊರಗಿನಿಂದ ನೋಡಿ ಒಟ್ಟು ಮೊತ್ತ ಹೇಳಿದರೆ, ಬಿಚ್ಚಿದ ಮೇಲೆ ಕಾಣುವ ಕೊಳೆತ ಭಾಗದ ಕೂಲಿ ಅವರ ಲಾಭದಿಂದಲೇ ಹೋಗುತ್ತದೆ. ಬಿಚ್ಚಿ ಪರೀಕ್ಷಿಸುವುದಕ್ಕೆ ಒಂದು ದರ, ಆಮೇಲೆ ಲಿಖಿತ ಅಂದಾಜು, ಗ್ರಾಹಕರ ಸಹಿ: ಈ ಕ್ರಮ ಇಬ್ಬರಿಗೂ ಕ್ಷೇಮ.

ಕಾರು ಸಂಸ್ಥೆಯ ಲೆಕ್ಕದಲ್ಲಿದ್ದರೆ ಮತ್ತೊಂದು ಪ್ರಶ್ನೆ ಏಳುತ್ತದೆ. ಇರುವ ಆಸ್ತಿಯನ್ನು ಕಾಪಾಡುವ ವೆಚ್ಚವೇ ಚಾಲ್ತಿ ದುರಸ್ತಿ, ಹೊಸ ಆಸ್ತಿ ತರುವುದಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಹೇಳಿದೆ. ಹಿಡಿಕೆಯ ಬೆಸುಗೆ ಮೊದಲ ವರ್ಗಕ್ಕೆ ಸಲ್ಲುತ್ತದೆ; ಅದೇ ಬಿಲ್ಲಿನಲ್ಲಿ ಹೊಸ ಎಂಜಿನ್, ಹವಾನಿಯಂತ್ರಣಗಳನ್ನು ಸೇರಿಸಿದರೆ ವಾದ ದುರ್ಬಲವಾಗುತ್ತದೆ. ಬಿಲ್ಲುಗಳು ಬೇರೆಬೇರೆಯಾಗಿರಲಿ.

ಐವತ್ತು ವರ್ಷ ದಾಟಿದ ಕಾರುಗಳಿಗೆ 2021ರ ಕೇಂದ್ರ ನಿಯಮಗಳಡಿ ವಿಂಟೇಜ್ ನೋಂದಣಿಯ ಅವಕಾಶವಿದೆ. ಚಾಸಿಸ್ ಅಥವಾ ಬಾಡಿಯಲ್ಲಿ ಮಾರ್ಪಾಡು ಆಗಿರಬಾರದೆಂಬುದು ಅದರ ಷರತ್ತು. ನಿತ್ಯದ ಓಡಾಟಕ್ಕೂ ವಾಣಿಜ್ಯ ಬಳಕೆಗೂ ಅಂತಹ ಕಾರು ಸಲ್ಲದು. ಆದ್ದರಿಂದ ಮೂಲ ಆಕಾರ, ಮೂಲ ದಪ್ಪದಲ್ಲಿಯೇ ಹಿಡಿಕೆ ಮಾಡಿಸಿ, ಕತ್ತರಿಸುವ ಮೊದಲಿನ ಮತ್ತು ನಂತರದ ಛಾಯಾಚಿತ್ರಗಳನ್ನು ಅಳತೆಯ ಚೀಟಿಯೊಡನೆ ಆರ್.ಸಿ. ಕಡತದಲ್ಲಿ ಇರಿಸುವುದು ಒಳಿತು.