ಸಿ ಡ್ರೈವ್ ಕೆಂಪಾಗಿದೆ, ವಿಂಡೋಸ್ 11 ಜಾಗ ಕೇಳ್ತಿದೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗಿಯಿತು. ಆದ್ರೂ ಲ್ಯಾಪ್‌ಟಾಪ್ ಎಂದಿನಂತೆ ಆನ್ ಆಗುತ್ತೆ, ಸಿ ಪ್ರೋಗ್ರಾಮ್ ಕಂಪೈಲ್ ಆಗುತ್ತೆ. ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಆದರೆ ಹೊಸದಾಗಿ ಸಿಗುವ ಭದ್ರತಾ ದೋಷಗಳಿಗೆ ತೇಪೆ ಬರೋದು ನಿಂತಿದೆ. ಲ್ಯಾಬಿನ ಹತ್ತಾರು ಮಷೀನಿಗೆ ಒಂದೇ ಪೆನ್‌ಡ್ರೈವ್ ಚುಚ್ಚಿ, ಅದನ್ನೇ ತಂದು ಸ್ವಂತ ಲ್ಯಾಪ್‌ಟಾಪಿಗೂ ಚುಚ್ಚುವ ನಮ್ಮಂಥವರಿಗೆ ಇದು ಸಣ್ಣ ವಿಷಯ ಅಲ್ಲ. ಸರಿ, ಅಪ್‌ಗ್ರೇಡ್ ಮಾಡೋಣ ಅಂತ ಹೊರಟರೆ ಎದುರಾಗೋದು ಒಂದೇ ಮಾತು: ಜಾಗ ಸಾಲದು.

ಎಷ್ಟು ಜಾಗ ಬೇಕು? ಮೈಕ್ರೋಸಾಫ್ಟ್ ಹೇಳುವ 64 ಜಿಬಿ ಡಿಸ್ಕಿನ ಒಟ್ಟು ಗಾತ್ರದ ಲೆಕ್ಕ, ಖಾಲಿ ಜಾಗದ್ದಲ್ಲ. ಇದನ್ನು ತಪ್ಪಾಗಿ ಓದಿ ಕೈಚೆಲ್ಲಿದವರು ಬಹಳ. ನನ್ನ ಪ್ರಕಾರ ಸಿ ಡ್ರೈವಿನಲ್ಲಿ 25ರಿಂದ 30 ಜಿಬಿ ಖಾಲಿ ಇದ್ದರೆ ನೆಮ್ಮದಿ. ಡೌನ್‌ಲೋಡ್ ಆಗೋದು ಕೆಲವೇ ಜಿಬಿ, ಮತ್ತೆ ಇಷ್ಟೊಂದು ಯಾಕೆ? ಯಾಕಂದ್ರೆ ಅಪ್‌ಗ್ರೇಡ್ ಅಂದರೆ ಹಳೇ ಮನೆಗೆ ಸುಣ್ಣ ಬಳಿಯೋದಲ್ಲ, ಪಕ್ಕದಲ್ಲೇ ಇನ್ನೊಂದು ಮನೆ ಕಟ್ಟೋದು. ಇಳಿಸಿದ ಫೈಲುಗಳು ಮೊದಲು ಒಂದು ಅಡಗಿದ ಫೋಲ್ಡರಿನಲ್ಲಿ ಬಿಚ್ಚಿಕೊಳ್ಳುತ್ತವೆ. ಆಮೇಲೆ ಹಳೆಯ ವಿಂಡೋಸ್ ಪೂರ್ತಿಯಾಗಿ ವಿಂಡೋಸ್ ಡಾಟ್ ಓಲ್ಡ್ ಅನ್ನುವ ಫೋಲ್ಡರಿಗೆ ಸರಿಯುತ್ತೆ, ಅದರ ಜಾಗಕ್ಕೆ ಹೊಸದು ಬರುತ್ತೆ. ಅಂದ್ರೆ ಸ್ವಲ್ಪ ಕಾಲ ಒಂದೇ ಡಿಸ್ಕಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್ ವಾಸ. ನಡುವೆ ಏನಾದರೂ ಎಡವಟ್ಟಾದರೆ ಹಿಂದಕ್ಕೆ ಹೋಗಲು ದಾರಿ ಇರಲಿ ಅಂತ ಈ ವ್ಯವಸ್ಥೆ.

ಅಂದಹಾಗೆ, 256 ಜಿಬಿ ಅಂತ ಹೇಳಿ ಕೊಂಡ ಎಸ್‌ಎಸ್‌ಡಿ 238 ಅಂತ ತೋರಿಸಿದರೆ ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಡಿಜಿಟಲ್ ಎಲೆಕ್ಟ್ರಾನಿಕ್ಸ್ ಪಾಸಾದವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ.

ಈಗ ಕ್ಲೀನಿಂಗ್. ಎಲ್ಲರೂ ಮೊದಲು ಕೈ ಹಾಕೋದು ಫೋಟೋ, ಸಿನಿಮಾಗಳಿಗೆ. ಅದಕ್ಕೂ ಮುಂಚೆ ಜಾಗ ಎಲ್ಲಿ ಹೋಗಿದೆ ಅಂತ ನೋಡಿ. ವಿನ್‌ಡರ್‌ಸ್ಟ್ಯಾಟ್ ಅಥವಾ ವಿಜ್‌ಟ್ರೀ ಓಡಿಸಿದರೆ ದೊಡ್ಡ ಫೋಲ್ಡರುಗಳು ದೊಡ್ಡ ಚೌಕಗಳಾಗಿ ಕಣ್ಣಿಗೆ ರಾಚುತ್ತವೆ. ಎಂಜಿನಿಯರಿಂಗ್ ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲಿ ಅಪರಾಧಿ ಬಹುತೇಕ ನಮ್ಮ ಟೂಲುಗಳೇ. ಆಂಡ್ರಾಯ್ಡ್ ಸ್ಟುಡಿಯೋ ಒಂದು ಸೆಮ್ ಮಾತ್ರ ಬಳಸಿದ್ದರೂ ಅದರ ಎಮ್ಯುಲೇಟರುಗಳು ಒಂದೊಂದೂ ಹಲವು ಜಿಬಿ ನುಂಗಿ ಕೂತಿರುತ್ತವೆ. ಅವನ್ನು ಡಿವೈಸ್ ಮ್ಯಾನೇಜರಿನಿಂದ ತೆಗೀಬಹುದು. ಗ್ರೇಡಲ್ ಕ್ಯಾಶ್ ಅಳಿಸಿದರೂ ಮುಂದಿನ ಬಿಲ್ಡ್‌ನಲ್ಲಿ ಮತ್ತೆ ಇಳಿಯುತ್ತೆ. ಪ್ರಾಜೆಕ್ಟ್ ಡೆಮೊ ಹಿಂದಿನ ರಾತ್ರಿ, ಹಾಸ್ಟೆಲ್ ವೈಫೈ ನಂಬಿಕೊಂಡು ಮಾತ್ರ ಆ ಕೆಲಸ ಬೇಡ. ಪೈಥಾನಿಗೆ ಅನಕೊಂಡಾ ಹಾಕಿದ್ದರೆ ಕೊಂಡಾ ಕ್ಲೀನ್ ಕಮಾಂಡ್ ಇದೆ. ಹಳೇ ವೆಬ್ ಪ್ರಾಜೆಕ್ಟುಗಳ ನೋಡ್ ಮಾಡ್ಯೂಲ್ಸ್ ಫೋಲ್ಡರುಗಳನ್ನು ನಿರ್ದಯವಾಗಿ ಅಳಿಸಿ, ಪ್ಯಾಕೇಜ್ ಫೈಲ್ ಉಳಿದಿದ್ದರೆ ಅವು ಮತ್ತೆ ಹುಟ್ಟುತ್ತವೆ.

ಡಬ್ಲ್ಯುಎಸ್‌ಎಲ್‌ನಲ್ಲಿ ಉಬುಂಟು ಇಟ್ಟವರಿಗೆ ಒಂದು ವಿಚಿತ್ರ ಕಾದಿದೆ. ಒಳಗೆ ಹತ್ತು ಜಿಬಿ ಅಳಿಸಿದರೂ ಹೊರಗೆ ಸಿ ಡ್ರೈವಿನಲ್ಲಿ ಸಾಮಾನ್ಯವಾಗಿ ಏನೂ ಬದಲಾಗಲ್ಲ! ಇಡೀ ಲಿನಕ್ಸ್ ಒಂದು ವರ್ಚುವಲ್ ಡಿಸ್ಕ್ ಫೈಲಿನಲ್ಲಿರುತ್ತೆ. ಅದು ಬೇಕಾದಂತೆ ಉಬ್ಬುತ್ತೆ, ಆದರೆ ತಾನಾಗಿ ಕುಗ್ಗಲ್ಲ. ಡಬ್ಲ್ಯುಎಸ್‌ಎಲ್ ಪೂರ್ತಿ ಶಟ್‌ಡೌನ್ ಮಾಡಿ, ಡಿಸ್ಕ್‌ಪಾರ್ಟ್ ತೆರೆದು ಆ ಫೈಲನ್ನು ಕಾಂಪ್ಯಾಕ್ಟ್ ಮಾಡಿದಾಗಲೇ ಜಾಗ ವಾಪಸ್ ಬರೋದು.

ಇನ್ನು ವಿಂಡೋಸಿನದ್ದೇ ಕಸ. ಡಿಸ್ಕ್ ಕ್ಲೀನಪ್ ತೆರೆದು, ಕ್ಲೀನ್ ಅಪ್ ಸಿಸ್ಟಮ್ ಫೈಲ್ಸ್ ಒತ್ತಿ. ಈ ಎರಡನೇ ಬಟನ್ ಒತ್ತದಿದ್ದರೆ ಹಳೇ ಅಪ್‌ಡೇಟುಗಳ ಪಟ್ಟಿ ಕಾಣೋದೇ ಇಲ್ಲ. ಟಿಕ್ ಹಾಕುವಾಗ ಕಣ್ಣು ತೆರೆದಿರಲಿ. ವಿಂಡೋಸ್ 10ರ ಕೆಲವು ಆವೃತ್ತಿಗಳಲ್ಲಿ ಡೌನ್‌ಲೋಡ್ಸ್ ಫೋಲ್ಡರೂ ಅದೇ ಪಟ್ಟಿಯಲ್ಲಿ ಸುಮ್ಮನೆ ಕೂತಿರುತ್ತೆ, ಅದಕ್ಕೂ ಟಿಕ್ ಹಾಕಿದರೆ ನಿಮ್ಮ ನೋಟ್ಸ್, ಹಾಲ್ ಟಿಕೆಟ್ ಎಲ್ಲಾ ಹೋಯ್ತು. ಹೈಬರ್ನೇಷನ್ ಫೈಲ್ ಇನ್ನೊಂದು ದೊಡ್ಡ ತಿಮಿಂಗಿಲ, ವಿಂಡೋಸ್ 10ರಲ್ಲಿ ಡಿಫಾಲ್ಟ್ ಆಗಿ ರ‍್ಯಾಮಿನ ಸುಮಾರು 40%. 16 ಜಿಬಿ ರ‍್ಯಾಮ್ ಇದ್ದರೆ 6.4 ಜಿಬಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು ಪವರ್‌ಸಿಎಫ್‌ಜಿ ಮೂಲಕ ಹೈಬರ್ನೇಟ್ ಆಫ್ ಮಾಡಿದರೆ ಆ ಫೈಲೇ ಮಾಯ. ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತೆ, ಅಪ್‌ಗ್ರೇಡ್ ಮುಗಿದ ಮೇಲೆ ಬೇಕಿದ್ದರೆ ಮತ್ತೆ ಆನ್ ಮಾಡ್ಕೊಳ್ಳಿ.

ಮುಟ್ಟಬಾರದ್ದು ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್. ಗಾತ್ರ ನೋಡಿ ಕೈ ತುರಿಸುತ್ತೆ ನಿಜ. ಆದರೆ ಅದರೊಳಗಿನ ಬಹಳಷ್ಟು ಫೈಲುಗಳು ಹಾರ್ಡ್ ಲಿಂಕುಗಳು, ಅಂದರೆ ಡಿಸ್ಕಿನಲ್ಲಿ ಒಂದೇ ಸಲ ಇರುವ ಫೈಲಿಗೆ ಎರಡು ವಿಳಾಸ. ಎಕ್ಸ್‌ಪ್ಲೋರರ್ ಎರಡನ್ನೂ ಎಣಿಸಿ ಹೆದರಿಸುತ್ತೆ. ಕೈಯಾರೆ ಅಳಿಸಿದರೆ ವಿಂಡೋಸ್ ಬೂಟ್ ಆಗದೇ ಹೋಗಬಹುದು. ಹಾಗೇ ಮ್ಯಾಟ್‌ಲ್ಯಾಬ್, ವಿವಾಡೊ ಫೋಲ್ಡರುಗಳನ್ನು ಕಟ್ ಮಾಡಿ ಡಿ ಡ್ರೈವಿಗೆ ಪೇಸ್ಟ್ ಮಾಡೋದೂ ನಡೆಯಲ್ಲ. ಅನ್‌ಇನ್‌ಸ್ಟಾಲ್ ಮಾಡಿ ಅಲ್ಲಿಗೇ ಹೊಸದಾಗಿ ಹಾಕಬೇಕು. ಒನ್‌ಡ್ರೈವ್ ಫೈಲುಗಳನ್ನು ಡಿಲೀಟ್ ಮಾಡಿದರೆ ಕ್ಲೌಡಿನಿಂದಲೂ ಹೋಗುತ್ತವೆ. ರೈಟ್ ಕ್ಲಿಕ್‌ನಲ್ಲಿ ಫ್ರೀ ಅಪ್ ಸ್ಪೇಸ್ ಅಂತ ಇದೆ, ಅದನ್ನೇ ಬಳಸಿ.

ಡಿ ಡ್ರೈವ್ ಅಂದಾಗ ನೆನಪಾಯ್ತು. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಕೋಣೆಗಳು. ಪ್ರಾಜೆಕ್ಟ್ ರಿಪೋರ್ಟನ್ನು ಡಿಗೆ ಕಾಪಿ ಮಾಡಿದರೆ ಜಾಗ ಸಿಗುತ್ತೆ, ಬ್ಯಾಕಪ್ ಆಗಲ್ಲ. ಡಿಸ್ಕ್ ಕೈಕೊಟ್ಟರೆ ಎರಡೂ ಒಟ್ಟಿಗೇ ಹೋಗ್ತವೆ. ಕೋಡ್ ಗಿಟ್‌ಹಬ್‌ಗೆ, ಉಳಿದದ್ದು ಹೊರಗಿನ ಡ್ರೈವಿಗೆ ಹೋದ ಮೇಲೇ ಅಪ್‌ಗ್ರೇಡ್ ಬಟನ್ ಒತ್ತಿ.

ಇಷ್ಟೆಲ್ಲಾ ಮಾಡಿಯೂ ನಾಲ್ಕೈದು ಜಿಬಿ ಕಮ್ಮಿ ಬಿತ್ತಾ? ಸೆಟಪ್ ಜಾಗ ಸಾಲದು ಅಂದಾಗ ಹೊರಗಿನ ಡ್ರೈವ್ ಬಳಸುವ ಆಯ್ಕೆಯನ್ನೂ ಕೊಡುತ್ತೆ. ಕನಿಷ್ಠ 10 ಜಿಬಿ ಖಾಲಿ ಇರುವ ಪೆನ್‌ಡ್ರೈವ್ ಚುಚ್ಚಿದರೆ ತಾತ್ಕಾಲಿಕ ಫೈಲುಗಳು ಅಲ್ಲಿ ಕೂರುತ್ತವೆ. ಕೆಲಸ ಮುಗಿಯೋವರೆಗೂ ಅದನ್ನು ಕೀಳಬೇಡಿ, ರೂಮ್‌ಮೇಟ್ ಕೇಳಿದರೂ ಸರಿ.

ಅಪ್‌ಗ್ರೇಡ್ ಆದ ಮೇಲೆ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರನ್ನು ಅವತ್ತೇ ಅಳಿಸುವ ಆತುರ ಬೇಡ. ಹತ್ತು ದಿನ ಇದ್ದು ತಾನೇ ಹೋಗುತ್ತೆ, ಹಳೇ ವಿಂಡೋಸಿಗೆ ಮರಳುವ ದಾರಿಯೂ ಅಲ್ಲಿವರೆಗೆ ಮಾತ್ರ. ಆ ಹತ್ತು ದಿನದಲ್ಲಿ ನಿಮ್ಮ ಲ್ಯಾಬ್ ಸಾಫ್ಟ್‌ವೇರ್‌ಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿ, ಅದರಲ್ಲೂ ಲೈಸೆನ್ಸ್ ಕೇಳುವಂಥವನ್ನ.