ಹೊಲ ನಮ್ಮದು, ನಾಲೆಯ ನೀರು ಯಾರದು?

ತುಂಗಭದ್ರಾ ಎಡದಂಡೆ ನಾಲೆಗೆ ನೀರು ಬಿಡುವ ಕಾಲ ಬಂತೆಂದರೆ ಸಿಂಧನೂರು ಭಾಗದ ಹಳ್ಳಿಗಳಲ್ಲಿ ಹಳೆಯ ವಾದವೊಂದು ಮತ್ತೆ ತಲೆಯೆತ್ತುತ್ತದೆ. ಪಹಣಿ ತನ್ನ ಹೆಸರಿನಲ್ಲಿರುವಾಗ ಭತ್ತ ಹಚ್ಚಬೇಕೋ ಜೋಳ ಬಿತ್ತಬೇಕೋ ಎಂಬುದನ್ನು ಸರ್ಕಾರ ಹೇಗೆ ನಿರ್ಧರಿಸೀತು ಎಂದು ಮೇಲ್ಭಾಗದ ರೈತ ಕೇಳುತ್ತಾನೆ. ಕಾಲುವೆ ತನ್ನೂರಿಗೂ ತೋಡಿದ್ದಾರೆ, ನೀರು ಮಾತ್ರ ಬರಲಿಲ್ಲ ಎಂದು ಮಾನ್ವಿ, ಸಿರವಾರದ ಕೊನೆಭಾಗದ ರೈತ ದೂರುತ್ತಾನೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದುದರಿಂದ ಈ ಪ್ರಶ್ನೆಯನ್ನು ಕೋಪ ಬಿಟ್ಟು, ಲೆಕ್ಕ ಹಿಡಿದು ನೋಡುವುದು ಒಳ್ಳೆಯದು.

ಬೆಳೆ ನಿಗದಿ ಏಕೆ ಬಂತು?

1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿಯಿತು. ಬರಗಾಲಕ್ಕೆ ಹೆಸರಾದ ಈ ಸೀಮೆಯಲ್ಲಿ ಆದಷ್ಟು ಹೆಚ್ಚು ರೈತರಿಗೆ ಬೆಳೆ ಉಳಿಸಿಕೊಳ್ಳುವಷ್ಟು ನೀರು ಕೊಡುವುದು ಯೋಜನೆಯ ಮೂಲ ಉದ್ದೇಶವಾಗಿತ್ತು. ಕೆಲವರಿಗೆ ಧಾರಾಳವಾಗಿ, ಉಳಿದವರಿಗೆ ಇಲ್ಲದಂತೆ ಕೊಡುವ ಯೋಜನೆ ಇದಾಗಿರಲಿಲ್ಲ. ಆದ್ದರಿಂದಲೇ ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂದು ನಿಗದಿ ಮಾಡಲಾಯಿತು. ಹೆಚ್ಚಿನ ಭಾಗ ಜೋಳ, ಶೇಂಗಾ, ಹತ್ತಿಯಂತಹ ಕಡಿಮೆ ನೀರಿನ ಬೆಳೆಗಳಿಗೆ ಸೇರಿತು. ಭತ್ತಕ್ಕೆ ಮೀಸಲಾದದ್ದು ಸ್ವಲ್ಪ ಭಾಗ ಮಾತ್ರ. ಆದರೆ ಕಾಲಕ್ರಮದಲ್ಲಿ ಗಂಗಾವತಿ, ಕಾರಟಗಿ, ಸಿಂಧನೂರು ಭಾಗವೆಲ್ಲ ಭತ್ತದ ಕಣಜವಾಯಿತು. ಅಕ್ಕಿ ಗಿರಣಿಗಳು ಬಂದವು, ಹೊಲದ ಬೆಲೆ ಏರಿತು. ಆ ಬೆಲೆ ತೆತ್ತು ಹೊಲ ಕೊಂಡವರು ನೀರನ್ನೂ ಕೊಂಡೆವೆಂದೇ ತಿಳಿದರು. ವಿವಾದದ ಬೇರು ಇಲ್ಲಿದೆ.

ಒಂದು ಎಕರೆಯ ಲೆಕ್ಕ

ಮಳೆಯೂ ಸೇರಿ ನಾಟಿ ಭತ್ತಕ್ಕೆ ಸುಮಾರು 1,250 ಮಿ.ಮೀ. ನೀರು ಬೇಕೆಂದು ಹಿಡಿಯೋಣ. ಎಕರೆಗೆ ಇದು ಸುಮಾರು 50 ಲಕ್ಷ ಲೀಟರು. ಜೋಳಕ್ಕೆ 450 ಮಿ.ಮೀ. ಹಿಡಿದರೆ ಎಕರೆಗೆ 18 ಲಕ್ಷ ಲೀಟರು ಸಾಕು. ಒಂದು ಟಿ.ಎಂ.ಸಿ. ನೀರು, ಕಾಲುವೆಯ ಸೋರಿಕೆ ಬಿಟ್ಟು, 5,600 ಎಕರೆ ಭತ್ತಕ್ಕೆ ಸಾಲುತ್ತದೆ. ಜೋಳಕ್ಕಾದರೆ 15,500 ಎಕರೆಗೆ. ಅಂದರೆ ಮೇಲ್ಭಾಗದಲ್ಲಿ ನಿಗದಿ ಮೀರಿ ಹಚ್ಚಿದ ಒಂದೊಂದು ಎಕರೆ ಭತ್ತ, ಕೆಳಗೆ ಎಲ್ಲಿಯೋ ಎರಡು ಮೂರು ಎಕರೆಯನ್ನು ಒಣಗಿಸುತ್ತದೆ. ಹೂಳು ತುಂಬಿ ಜಲಾಶಯದ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ.ಯಿಂದ 106ರ ಆಸುಪಾಸಿಗೆ ಇಳಿದಿರುವಾಗ ಈ ಲೆಕ್ಕ ಇನ್ನೂ ಬಿಗಿಯಾಗಿದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ, ಬೆಳೆಯ ಭವಿಷ್ಯ ಎಷ್ಟು ಸಣ್ಣ ಎಳೆಯ ಮೇಲೆ ನಿಂತಿದೆಯೆಂಬುದು ಮೇಲ್ಭಾಗಕ್ಕೂ ಕೊನೆಭಾಗಕ್ಕೂ ಒಟ್ಟಿಗೆ ತಿಳಿಯಿತು.

ನೆಲವೂ ಲೆಕ್ಕ ಇಡುತ್ತದೆ

ಕಪ್ಪು ಎರೆಭೂಮಿಯಲ್ಲಿ ನೀರು ಬೇಗ ಬಸಿಯುವುದಿಲ್ಲ. ವರ್ಷಕ್ಕೆರಡು ಬಾರಿ ನೀರು ನಿಲ್ಲಿಸಿದರೆ ಅಂತರ್ಜಲ ಮೇಲೇರಿ, ಅದರೊಡನೆ ಲವಣವೂ ಮೇಲ್ಮಣ್ಣಿಗೆ ಬರುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಹೀಗೆ ಸವಳು-ಜವಳಾದ ಭೂಮಿ ಸುಮಾರು 96 ಸಾವಿರ ಹೆಕ್ಟೇರು ಎಂದು ಅಂದಾಜು. ಮೇಲಿನ ಹೊಲದ ಬಸಿನೀರು ತಗ್ಗಿನ ಹೊಲದಲ್ಲಿ ನಿಂತಾಗ, ಅಲ್ಲಿನ ರೈತನಿಗೆ ಭತ್ತ ಬಿಟ್ಟರೆ ಬೇರೆ ಬೆಳೆ ಬಾರದು. ಕಾಗದದಲ್ಲಿ ಅವನೂ ನಿಗದಿ ಮುರಿದವನೇ. ವಾಸ್ತವದಲ್ಲಿ ಅವನಿಗೆ ಆಯ್ಕೆಯೇ ಇಲ್ಲ.

ಕಾನೂನಿನ ಬಲ, ಕಾನೂನಿನ ಮಿತಿ

1978ರ 44ನೇ ಸಂವಿಧಾನ ತಿದ್ದುಪಡಿಯಿಂದ ಆಸ್ತಿಯ ಹಕ್ಕು ಮೂಲಭೂತ ಹಕ್ಕಾಗಿ ಉಳಿಯಲಿಲ್ಲ. 300-ಎ ವಿಧಿಯಡಿ ಅದು ಕಾನೂನಿನ ರಕ್ಷಣೆಯುಳ್ಳ ಹಕ್ಕು. ಆ ರಕ್ಷಣೆ ಹೊಲಕ್ಕಿದೆ. ನಾಲೆಯ ನೀರು ಹೊಲದೊಡನೆ ಕ್ರಯವಾಗುವ ವಸ್ತುವಲ್ಲ. ಅದರ ಹಂಚಿಕೆ 1965ರ ಕರ್ನಾಟಕ ನೀರಾವರಿ ಕಾಯ್ದೆಗೆ ಒಳಪಟ್ಟಿದೆ. 2024ರ ತಿದ್ದುಪಡಿ ಅಕ್ರಮವಾಗಿ ನೀರೆತ್ತುವವರಿಗೆ ಶಿಕ್ಷೆಯನ್ನು ಬಿಗಿಗೊಳಿಸಿತು. ಆದರೆ ದಂಡವೊಂದರಿಂದಲೇ ಬೆಳೆ ಬದಲಾಗುವುದಿಲ್ಲ. ಭತ್ತಕ್ಕೆ ಊರ ಬಾಗಿಲಲ್ಲೇ ಗಿರಾಕಿ ಇದ್ದು, ಜೋಳ ಮತ್ತು ಶೇಂಗಾಕ್ಕೆ ಭರವಸೆಯ ಖರೀದಿ ಇಲ್ಲದಿರುವವರೆಗೆ ರೈತ ಭತ್ತವನ್ನೇ ಹಿಡಿಯುತ್ತಾನೆ. ನಿಯಮ ಮಾಡುವವರು ಮಾರುಕಟ್ಟೆಯನ್ನೂ ಒದಗಿಸಬೇಕು, ಬಸಿಗಾಲುವೆಯನ್ನೂ ತೋಡಬೇಕು.

ಕಾಲುವೆ ಕಾಣದವರು

ಕಾಲುವೆಯನ್ನೇ ಕಾಣದ ಹಳ್ಳಿಗಳೂ ಈ ಸೀಮೆಯಲ್ಲಿವೆ. ಲಿಂಗಸುಗೂರು ಭಾಗಕ್ಕೆ ಕೃಷ್ಣೆಯ ನಾರಾಯಣಪುರ ಬಲದಂಡೆ ನಾಲೆಯ ನೀರು ಬಂದಿತು. ಅದೇ ನಾಲೆಯಿಂದ 5-ಎ ಕಾಲುವೆ ಬೇಕೆಂದು ಮಸ್ಕಿ ತಾಲ್ಲೂಕಿನ ರೈತರು 2020ರಲ್ಲಿ ಪಾಮನಕಲ್ಲೂರಿನಲ್ಲಿ ಧರಣಿ ಕುಳಿತರು. ನಂದವಾಡಗಿ ಏತ ನೀರಾವರಿಯಿಂದ ನೀರು ಒದಗಿಸುವ ಮಾತನ್ನು ಸರ್ಕಾರ ಮುಂದಿಟ್ಟಿತು. ರೈತರು ಹರಿನೀರನ್ನೇ ಬಯಸಿದರು. ಅವರ ಬೇಡಿಕೆ ನ್ಯಾಯವಾದದ್ದೇ. ಆದರೆ ಯಾವ ದಾರಿಯಿಂದ ನೀರು ಬಂದರೂ ಬೆಳೆಯ ಒಪ್ಪಂದ ಮೊದಲ ವರ್ಷವೇ ಆಗದಿದ್ದರೆ, ಹೊಸ ಕಾಲುವೆಗೂ ಒಂದು ಒಣ ಕೊನೆಭಾಗ ಹುಟ್ಟಿಕೊಳ್ಳುತ್ತದೆ.

ರೈತರು ಮಾಡಬಹುದಾದದ್ದು

ಭತ್ತವನ್ನು ಪೂರ್ತಿ ಬಿಡಲಾಗದವರು ಕೂರಿಗೆಯಿಂದ ನೇರ ಬಿತ್ತನೆ ಮಾಡಬಹುದು. ಕೆಸರು ಮಾಡುವ ನೀರು ಉಳಿಯುತ್ತದೆ. ಕಳೆಯನ್ನು ಮಾತ್ರ ಆರಂಭದಲ್ಲೇ ಹತೋಟಿಗೆ ತರಬೇಕು. ಸವಳು ಹೆಚ್ಚಿದ್ದಲ್ಲಿ ಮೊಳಕೆ ಸರಿಯಾಗಿ ಬಾರದಾದ್ದರಿಂದ ಅಲ್ಲಿ ಈ ಪದ್ಧತಿ ಬೇಡ. ನಾಟಿ ಭತ್ತದ ಗದ್ದೆಯಲ್ಲಿ ಸದಾ ನೀರು ನಿಲ್ಲಿಸಬೇಕಾಗಿಲ್ಲ. ತೂತುಗಳಿರುವ ಕೊಳವೆಯೊಂದನ್ನು ಹೂಳಿ, ಅದರೊಳಗಿನ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗೆ ಇಳಿದಾಗ ಮತ್ತೆ 5 ಸೆಂ.ಮೀ. ನೀರು ಹಾಯಿಸಿದರೆ ಸಾಕು. ಹೂಬಿಡುವ ಕಾಲದಲ್ಲಿ ಮಾತ್ರ ನೀರು ಕಡಿಮೆಯಾಗಬಾರದು. ಮಣ್ಣು ಪರೀಕ್ಷೆ ಮಾಡಿಸದೆ ಜಿಪ್ಸಂ ಹಾಕಬೇಡಿ. ಅದು ಕ್ಷಾರ ಭೂಮಿಗೆ ಮದ್ದು. ಬರೀ ಸವಳಿಗೆ ಬಸಿಗಾಲುವೆಯೇ ಮದ್ದು.

ಇವೆಲ್ಲಕ್ಕಿಂತ ಮುಖ್ಯವಾದದ್ದು ನೀರು ಬಳಕೆದಾರರ ಸಹಕಾರ ಸಂಘ. 2000ದ ಕಾಯ್ದೆ ತಿದ್ದುಪಡಿ ಇವುಗಳಿಗೆ ದಾರಿ ಮಾಡಿಕೊಟ್ಟಿತು. ತೂಬಿನಲ್ಲಿ ಅಳೆದ ನೀರು ಸಂಘಕ್ಕೆ ಸಿಕ್ಕರೆ, ಯಾರು ಏನು ಬೆಳೆಯಬೇಕೆಂಬುದನ್ನು ಆ ತೂಬಿನ ರೈತರೇ ಕುಳಿತು ತೀರ್ಮಾನಿಸಬಹುದು. ಆಗ ಸರ್ಕಾರದ ನಿಗದಿ ರೈತರ ಒಪ್ಪಂದವಾಗುತ್ತದೆ. ಸಂಘದ ಮುಂದಿನ ಸಭೆಗೆ ಮೇಲ್ಭಾಗದವರು ಕೊನೆಭಾಗದವರನ್ನೂ ಕರೆಯಲಿ. ಈ ಸಾಲಿನ ನೀರಿನ ಸರದಿಯನ್ನು ಅವರ ಎದುರಿಗೇ ಬರೆಯಲಿ.